ಗ್ರೆಗರಿ ಸರ್ ಬಿಟ್ಟಿಟ್ಟ ಜಾಗ

ಗ್ರೆಗರಿ ಸರ್ ಮೊಣಕಾಲೂರುತ್ತಿದ್ದ ಕಡೆ, ಅವರ ಬಲಕ್ಕೆ, ಒಬ್ಬರು ಕೂರುವಷ್ಟು ಹುಲ್ಲು ಯಾವಾಗಲೂ ಖಾಲಿ ಇರುತ್ತಿತ್ತು. ಪಂದ್ಯಕ್ಕೆ ಮೊದಲು ಆಟಗಾರರೆಲ್ಲ ಸುತ್ತ ಕೂತು ಕಣ್ಣು ಮುಚ್ಚಬೇಕು, ಅವರು ತುಟಿಯೊಳಗೇ ಪ್ರಾರ್ಥನೆ ಹೇಳಬೇಕು. ಅದು ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಪದ್ಧತಿ. ಸರ್ ಊರೂರಲ್ಲಿ ಹೆಸರಾದ ಕೋಚ್. ಗೆಲುವನ್ನು ನೇರ ದೇವರಿಂದಲೇ ತರಿಸಿಕೊಳ್ಳುತ್ತಾರೆ ಎಂದು ಜನ ಹೇಳುತ್ತಿದ್ದರು. ಹಾಗಿದ್ದರೆ ನಮ್ಮನ್ನು ದಿನಾ ನಾಯಿಯ ಹಾಗೆ ಓಡಿಸುವುದೇಕೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ನನ್ನ ಮೊದಲ ಪಂದ್ಯದ ದಿನ ಬೂಟಿನ ಲೇಸು ತುಂಡಾಗಿ ತಡವಾಯಿತು. ಓಡಿ ಬಂದಾಗ ಪ್ರಾರ್ಥನೆ ಶುರುವಾಗಿತ್ತು. ಕಂಡ ಖಾಲಿ ಜಾಗದಲ್ಲಿ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಯಾರೋ ನನ್ನ ಕುತ್ತಿಗೆಯ ಮೇಲೆ ಕೈಯಿಟ್ಟರು. ಪಕ್ಕದಲ್ಲಿದ್ದ ಕ್ಯಾಪ್ಟನ್ ಯಶೋಧರ ಇರಬೇಕೆಂದು ಕಣ್ಣು ಬಿಟ್ಟೆ. ಅವನ ಎರಡೂ ಕೈ ಅವನ ತೊಡೆಯ ಮೇಲಿದ್ದವು. ಸರ್ ಕೈ ಮುಗಿದುಕೊಂಡಿದ್ದರು. ಹಿಂದೆ ಯಾರೂ ಇರಲಿಲ್ಲ.

"ಅಲ್ಲಿ ಯಾರೂ ಕೂರ್ಲಿಕ್ಕಿಲ್ಲ ಮಾರಾಯ!" ಪ್ರಾರ್ಥನೆ ಮುಗಿದದ್ದೇ ಯಶೋಧರ ಪಿಸುಗುಟ್ಟಿದ. "ಅದು ಸಿಪ್ರಿಯ ಜಾಗ. ಹಿಂದೆ ಇದೇ ಗ್ರೌಂಡಲ್ಲಿ ಆಡ್ತಾ ಆಡ್ತಾ ಬಿದ್ದು ಸತ್ತವ."

"ಯಾರೋ ನನ್ನನ್ನು ಮುಟ್ಟಿದ್ರು," ಎಂದೆ. ಅದು ಸರ್ ಕಿವಿಗೂ ಬಿತ್ತು.

ಸರ್ ಉಳಿದವರನ್ನು ಮೈದಾನಕ್ಕೆ ಕಳಿಸಿ ನನ್ನ ಮಣಿಕಟ್ಟು ಹಿಡಿದರು. "ಇಷ್ಟು ವರ್ಷ ನಾನು ಅವನ ಪಕ್ಕದಲ್ಲೇ ಕೂತೆ. ನನಗೆ ಒಂದು ಸಲವೂ ಗೊತ್ತಾಗ್ಲಿಲ್ಲ. ಹೇಳು ಮಗಾ, ಕೈ ಹೇಗಿತ್ತು?"

"ಸುಡ್ತಿತ್ತು ಸರ್."

ಅವರ ಮುಖ ಬಿಳುಚಿತು. "ಇನ್ನೂ ಬಿಟ್ಟಿಲ್ವಾ?"

"ಎಂತದು ಸರ್?"

"ಜ್ವರ. ಅವತ್ತು ಅವನ ಹಣೆ ನಾನೇ ಮುಟ್ಟಿ ನೋಡಿದ್ದೆ. ಎಂತ ಆಗುದಿಲ್ಲ, ದೇವರಿದ್ದಾನೆ, ಆಡು ಅಂದೆ." ನನ್ನ ಮಣಿಕಟ್ಟು ಬಿಟ್ಟು ಹೇಳಿದರು: "ನಾನು ಗೆಲ್ಲಿಸು ಅಂತ ಯಾವತ್ತೂ ಕೇಳ್ಲಿಲ್ಲ. ಅವನ ಜ್ವರ ಇಳಿಸು ಅಂತ ಮಾತ್ರ ಕೇಳಿದ್ದು."

ನನಗೆ ಹೆದರಿಕೆಗಿಂತ ಹೆಚ್ಚಾಗಿ ಅವರ ಮೇಲೆ ಮರುಕ ಹುಟ್ಟಿತು. ಸುಳ್ಳು ಹೇಳಬಹುದಿತ್ತು, ತಣ್ಣಗಿತ್ತು ಎನ್ನಬಹುದಿತ್ತು. ಅಷ್ಟರಲ್ಲಿ ರೆಫರಿ ಸೀಟಿ ಊದಿದರು.

ಆ ಪಂದ್ಯವನ್ನು ಸರ್ ನೋಡಲೇ ಇಲ್ಲ. ಚೆಂಡು ಆಚೆ ಹೋದಾಗಲೆಲ್ಲ ನಾನು ಬೆಂಚಿನ ಕಡೆ ತಿರುಗುತ್ತಿದ್ದೆ. ಅವರು ಕರವಸ್ತ್ರವನ್ನು ನೀರಿನಲ್ಲಿ ಅದ್ದಿ, ಹಿಂಡಿ, ಪಕ್ಕದ ಖಾಲಿ ಜಾಗದಲ್ಲಿ, ಕೂತವನ ಹಣೆಯ ಎತ್ತರಕ್ಕೆ, ಗಾಳಿಯಲ್ಲಿ ಒತ್ತಿ ಹಿಡಿಯುತ್ತಿದ್ದರು. ಒದ್ದೆ ಬಟ್ಟೆ ನೋಡನೋಡುತ್ತಿದ್ದಂತೆ ಒಣಗಿ ಗರಿಗರಿಯಾಗುತ್ತಿತ್ತು. ಅವರು ಮತ್ತೆ ಅದ್ದುತ್ತಿದ್ದರು.