ಹಕ್ಕಿ ಉಸಿರೆಳೆದ ಜಾಗ

ಮಾವನ ಹಕ್ಕಿ ಪುಟದ ಅಂಚು ದಾಟಿ ಹೋಗಿತ್ತು. ಸೊಸೆ ಪರದೆ ನೋಡಿ ಹಣೆ ಚಚ್ಚಿಕೊಂಡಳು. ಮುದ್ರಣಾಲಯಕ್ಕೆ ಪುಟ ಕಟ್ಟಿಕೊಡುವುದು ಅವಳ ಕೆಲಸ. ಎಂಥೆಂಥ ತಲೆಹರಟೆ ಪುಸ್ತಕಗಳನ್ನೋ ಅಂಚಿನೊಳಗೆ ಕೂರಿಸಿದವಳಿಗೆ ಮನೆಯ ಪುಸ್ತಕವೇ ಕೈಕೊಟ್ಟಿತ್ತು.

ಮಾವ ಅಂಚೆ ಹಂಚಿದಷ್ಟೂ ವರ್ಷ ದಾರಿಯ ಹಕ್ಕಿಗಳ ಕೂಗು ಕೇಳಿ ಬರೆದಿಟ್ಟವರು. ಹೆಚ್ಚಿನವು ಚಿಕ್ಕ ಚಿಕ್ಕ ಕೂಗುಗಳು. ಹಿತ್ತಲಿನ ತಂತಿಯ ಮೇಲೆ ಬೆಳಗ್ಗೆ ಹಾಡುವ ಕರಿಬಿಳಿ ಹಕ್ಕಿಯದು ಮಾತ್ರ ‘ಚೀವೀಚೀವೀಟ್ರಿರಿರಿಸೀಯುಸೀಯು’ ಎಂದು ಶುರುವಾದರೆ ಎಲ್ಲೂ ಜಾಗ ಬಿಡದೆ, ಚುಕ್ಕೆ ಇಡದೆ, ಅರ್ಧ ಪುಟಕ್ಕಾಗುವಷ್ಟು ಒಂದೇ ಪದ. ಪುಟ ಕಟ್ಟುವ ಕಂಪ್ಯೂಟರ್ ಯಂತ್ರವೋ, ಪದಗಳ ನಡುವೆ ಜಾಗ ಸಿಕ್ಕರೆ ಸಾಲು ಮುರಿಯುತ್ತದೆ, ಸಿಗದಿದ್ದರೆ ನೆಟ್ಟಗೆ ಹೋಗಿ ಕಾಗದದಾಚೆ ಬೀಳುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ ಅದು.

ಈಗ ಮಾವನ ಕಿವಿ ಪೂರ್ತಿ ಹೋಗಿದೆ. ಆ ಹಾಡು ಅವರಿಗೆ ಉಳಿದಿರುವುದು ಕಾಗದದಲ್ಲಿ ಮಾತ್ರ. ಅದೊಂದು ಸರಿಯಾಗಿ ಅಚ್ಚಾಗಬೇಕೆಂಬುದು ಅವರ ಆಸೆ. ಆಸೆ ಎಂದರೆ ಮೆತ್ತಗಾಯಿತು, ಹಟ ಎನ್ನಬೇಕು.

ಸೊಸೆ ಸಾಲಿನ ಕೊನೆಗೆಲ್ಲ ಅಡ್ಡಗೆರೆ ಹಾಕಿ ಮುರಿದುಕೊಟ್ಟಳು. ಮಾವ ಕೆಂಪು ಪೆನ್ಸಿಲಿನಲ್ಲಿ ಅಷ್ಟನ್ನೂ ಹೊಡೆದುಹಾಕಿದರು.

“ಹಕ್ಕಿ ಎಲ್ಲಾದ್ರೂ ಗೆರೆ ಎಳ್ಕೊಂಡು ಹಾಡುತ್ತೇನಮ್ಮಾ?”

ಗೆರೆ ಬೇಡ, ಎಲ್ಲಿ ಬೇಕಾದರೂ ಮುರಿದುಕೋ ಎಂದು ಯಂತ್ರಕ್ಕೇ ಬಿಟ್ಟಳು. ಎರಡೂ ಅಂಚು ಗೋಡೆ ಕಟ್ಟಿದ ಹಾಗೆ ನೇರವಾಗಿ ಬಂದವು. ಮಾವ ಎರಡು ಬೆರಳನ್ನು ಗಂಟಲಿಗೆ ಒತ್ತಿಕೊಂಡು ಗಟ್ಟಿಯಾಗಿ ಓದಿದರು. ಕಿವಿ ಹೋದ ಮೇಲೆ ತಮ್ಮ ದನಿಯನ್ನು ಅವರು ಹೀಗೇ ಮುಟ್ಟಿ ನೋಡುವುದು. ಮೊದಲ ಸಾಲಿನ ಕೊನೆಯಲ್ಲೇ ಎಡವಿದರು.

“ಇಲ್ಲಿ ಅದು ಉಸಿರು ತಗೊಳ್ಳಲ್ಲ. ನೀನು ಕುತ್ತಿಗೆ ಹಿಚುಕಿದೀಯ.”

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು! ಸೊಸೆಗೂ ರೇಗಿತು. ಸ್ಲೇಟು ಎಳೆದುಕೊಂಡು, ‘ಹಾಗಾದ್ರೆ ಎಲ್ಲಿ ತಗೊಳ್ಳುತ್ತೆ? ನೀವೇ ಗುರುತು ಹಾಕ್ಕೊಡಿ ಮಾವ’ ಎಂದು ಬರೆದು ಮುಂದೆ ಹಿಡಿದಳು.

ಮಾವ ಪೆನ್ಸಿಲನ್ನು ಹಾಳೆಯ ಹತ್ತಿರ ತಂದರು, ಹಿಂದಕ್ಕೆ ತೆಗೆದರು, ಮತ್ತೆ ತಂದರು. ಕೊನೆಗೆ ಮೇಜಿನ ಮೇಲಿಟ್ಟುಬಿಟ್ಟರು.

“ಬರೆಯೋವಾಗ ಜಾಗ ಯಾಕೆ ಬಿಡಬೇಕು ಅನ್ಕೊಂಡೆ. ಓದಿದ್ರೆ ಸಾಕು, ಕಿವೀಲಿ ತಾನಾಗೇ ಬರ್ತಿತ್ತು.” ಹಾಳೆಯನ್ನು ಅವಳತ್ತ ಸರಿಸಿ, “ಈಗ ಬರ್ತಿಲ್ಲ ಮಗಳೇ” ಎಂದರು.

ಅವಳು ಸ್ಲೇಟು ಕೆಳಗಿಟ್ಟಳು. ಕಿವಿ ಹೋದಾಗ, “ಒಳ್ಳೇದೇ ಆಯ್ತು, ನಿಮ್ಮತ್ತೆ ಬೈಗುಳ ತಪ್ಪಿತು” ಎಂದು ನಕ್ಕಿದ್ದ ಮನುಷ್ಯ. ಇಷ್ಟು ದಿನದ ಸಿಡುಕೆಲ್ಲ ಹಾಡು ಮರೆತುಹೋಗುವ ಹೆದರಿಕೆಯೆಂದು ಈಗ ಗೊತ್ತಾಯಿತು. ಅದನ್ನು ತಿಳಿಯದೆ ರೇಗಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ಮಾವನನ್ನು ಹಿತ್ತಲ ಬಾಗಿಲಲ್ಲಿ ಕೂರಿಸಿ, ತೊಡೆಯ ಮೇಲೆ ಹಾಳೆ ಇಟ್ಟಳು. ಪೆನ್ಸಿಲ್ ಹಿಡಿದ ಅವರ ಕೈಯನ್ನು, ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ, ಮಣಿಕಟ್ಟಿನಲ್ಲಿ ಹಿಡಿದು ಕಾದಳು. ಹಕ್ಕಿ ಬಂದು ತಂತಿಯ ಮೇಲೆ ಕೂತು ಬಾಯಿ ತೆರೆಯಿತು. ಹಾಡು ಹೋದಂತೆ ಅಕ್ಷರಗಳ ಮೇಲೆ ಕೈ ನಡೆಸಬೇಕು, ಅದು ನಿಂತಲ್ಲಿ ಮಣಿಕಟ್ಟು ಒತ್ತಬೇಕು, ಮಾವ ಅಲ್ಲಿ ಗೀಟು ಹಾಕಬೇಕು. ಹೇಳುವುದು ಸುಲಭ. ಹಕ್ಕಿ ಸೀಯು ದಾಟಿದರೂ ಇವರು ಚೀವೀಯಲ್ಲೇ ತಡಕಾಡುತ್ತಿದ್ದರು. ಇಬ್ಬರಿಗೂ ನಗು ಬಂತು.

“ಬೆಳಬೆಳಗ್ಗೆ ಮಾವ ಸೊಸೆಗೆ ಇದೇನು ಹುಚ್ಚು?” ಎಂದು ಅತ್ತೆ ಒಳಗಿನಿಂದ ಗೊಣಗಿದರು.

ಹುಚ್ಚು ಬಿಡಲಿಲ್ಲ. ಬೆಳಗು ಬೆಳಗಿಗೂ ಗೀಟುಗಳು ಒಂದಿಷ್ಟು ಮುಂದೆ ಹೋದವು. ಒಂದು ದಿನ ಹಕ್ಕಿಯೂ ಪೆನ್ಸಿಲ್ಲೂ ಒಟ್ಟಿಗೆ ಕೊನೆ ಮುಟ್ಟಿದವು.

ಗೀಟು ಇದ್ದಲ್ಲೆಲ್ಲ ಸೊಸೆ ಪರದೆಯಲ್ಲಿ ಒಂದು ಗುರುತು ಹಾಕಿದಳು. ಅಚ್ಚಿನಲ್ಲಿ ಕಣ್ಣಿಗೆ ಕಾಣದ, ಮುರಿಯುವುದಾದರೆ ಇಲ್ಲೇ ಮುರಿ ಎಂದು ಯಂತ್ರಕ್ಕೆ ಮಾತ್ರ ಹೇಳುವ ಗುರುತು. ಸಾಲುಗಳು ಉದ್ದಗಿಡ್ಡವಾದವು. ಮುದ್ರಣಾಲಯದ ಯಜಮಾನರು ಮೂಗು ಮುರಿದರು.

“ಬಲಗಡೆ ಅಂಚು ಇಲಿ ಕಡಿದ ಹಾಗಿದೆಯಲ್ಲಮ್ಮ?”

“ಇಲಿ ಅಲ್ಲ ಸರ್, ಹಕ್ಕಿ ಕಡಿದಿದ್ದು. ಹಾಗೇ ಇರಲಿ.”

ಕೊನೆಯ ಕರಡು ಮನೆಗೆ ಬಂತು. ಮಾವ ಅದನ್ನು ಮೇಜಿನ ಮೇಲೆ ಹರಡಿ, ಎರಡು ಬೆರಳನ್ನು ಗಂಟಲಿಗೆ ಒತ್ತಿಕೊಂಡರು. ಇನ್ನೊಂದು ಕೈಯಿಂದ ಸೊಸೆಯ ಮಣಿಕಟ್ಟು ಹಿಡಿದರು. ಮೊದಲ ಸಾಲು ಓದಿ ನಿಂತರು, ಮಣಿಕಟ್ಟು ಒತ್ತಿದರು. ಎರಡನೆಯದು ಓದಿದರು, ಒತ್ತಿದರು. ಎಲ್ಲೂ ಎಡವಲಿಲ್ಲ. ಹಾಡು ಮುಗಿದ ಮೇಲೂ ಹಿಡಿದ ಕೈ ಬಿಡಲಿಲ್ಲ.

“ಕೇಳಿಸ್ತಮ್ಮಾ,” ಎಂದರು.