ಸುಮ್ಮನೆ ನಿಲ್ಲುವ ಕೆಲಸ

"ಕೂದ್ಲು ಕಟ್ ಮಾಡಿಸ್ಕೊ. ಹೀರೋನಾ ನೀನು?" ಪಕ್ಕದವನ ತಲೆಗೆ ಲಾಠಿ ತಾಗಿಸಿದ ಇನ್‌ಸ್ಪೆಕ್ಟರು ಗಯಾಜ್‌ನ ಮುಂದೆ ಬಂದು ನಿಂತರು. ಠಾಣೆಯ ಅಂಗಳದ ಆ ಸಾಲಿನಲ್ಲಿ ಅವನೇ ಹಿರಿಯ. ಪ್ರಾಯದಲ್ಲಿ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೊಡೆದಾಟವಾಗಿತ್ತು. ಆಗ ತೆರೆದ ರೌಡಿ ಶೀಟು ಗಡ್ಡ ನರೆತರೂ ಮುಚ್ಚಿರಲಿಲ್ಲ. ಚುನಾವಣೆ ಬಂದರೆ, ಹಬ್ಬ ಬಂದರೆ, ಹೊಸ ಸಾಹೇಬರು ಬಂದರೆ ಅಂಗಡಿಗೆ ಬೀಗ ಹಾಕಿ ಬಂದು ಪರೇಡಿಗೆ ನಿಲ್ಲಬೇಕು.

"ಸಾರ್, ಮಗಳ ಮದ್ವೆ ಮಾತಾಡ್ತಾ ಇದೀವಿ. ನನ್ ಹೆಸ್ರು ತೆಗೆದ್ಬಿಡಿ. ಆ ಹೊಡೆದಾಟ ಆದ್ಮೇಲಿಂದ ಒಂದ್ ಗಲಾಟೇನೂ ಮಾಡಿಲ್ಲ."

"ಯಾಕ್ ಮಾಡಿಲ್ಲ ಹೇಳು? ನಾವು ಕರೆಸ್ತಾ ಇದೀವಿ, ಅದಕ್ಕೆ. ಬಿಟ್ರೆ ಮಾಡ್ತೀಯ."

"ಮಾಡಿದ್ರೂ ತೆಗೆಯಲ್ಲ, ಮಾಡ್ದೇ ಇದ್ರೂ ತೆಗೆಯಲ್ಲ. ಏನ್ ಮಾಡ್ಲಿ ಸಾರ್?"

ಸಾಲು ನಕ್ಕಿತು. ಇನ್‌ಸ್ಪೆಕ್ಟರೂ ನಕ್ಕು ಮುಂದಿನವನ ಬಳಿ ಹೋದರು.

ಮಧ್ಯಾಹ್ನ ಲಿಂಗರಾಜಪುರದಿಂದ, ಮಗಳಿಗೆ ನೋಡಿದ್ದ ಹುಡುಗನ ತಂದೆ ಜಿಯಾವುಲ್ಲಾ ಮನೆಗೆ ಬಂದ. ಬೇರೆಯವರ ಬಾಯಿಂದ ಕೇಳುವ ಮೊದಲು ತಾನೇ ಹೇಳಿಬಿಡೋಣವೆಂದು ಗಯಾಜ್ ಶೀಟಿನ ವಿಷಯ ತೆಗೆದ.

"ಅರೇ ಭಾಯ್, ಗೊತ್ತಿಲ್ದೇ ಬಂದೀನಾ?" ಜಿಯಾವುಲ್ಲಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. "ಕಲ್ಯಾಣ ನಗರದಲ್ಲಿ ನಂದೊಂದು ಮಳಿಗೆ ಇದೆ. ಬಾಡಿಗೆಯವಳು ಖಾಲಿ ಮಾಡಲ್ಲ ಅಂತಾಳೆ. ನೀವು ಬಂದು ನನ್ ಪಕ್ಕ ಸುಮ್ನೆ ನಿಂತ್ಕೊಳ್ಳಿ, ಸಾಕು. ಅದೊಂದು ಮುಗೀಲಿ, ನಿಕಾಹ್ ತಾರೀಖು ಗೊತ್ತು ಮಾಡೋಣ."

ಗಯಾಜ್‌ನ ಕಿವಿ ಬಿಸಿಯಾಯಿತು. ಆಗುವುದಿಲ್ಲ ಎನ್ನಲು ಬಾಯಿ ತೆರೆದ. ಪರದೆಯ ಆಚೆ ಮಗಳು ಲುಬ್ನಾ ನಿಂತಿದ್ದಳು. ಹುಡುಗನನ್ನು ಮೆಚ್ಚಿದ್ದವಳು ಅವಳೇ. "ನಾಳೆ ಬರ್ತೀನಿ," ಎಂದ.

ಮರುದಿನ ಇಬ್ಬರೂ ಆ ಮಳಿಗೆಗೆ ಹೋದರು. ರವಿಕೆ ಹೊಲಿಯುವ ಪುಟ್ಟ ಅಂಗಡಿ. ಬಾಡಿಗೆಗಿದ್ದ ಯಶೋದಮ್ಮ ಮಷೀನು ನಿಲ್ಲಿಸದೆಯೇ ಹೇಳಿದಳು: "ಅಗ್ರಿಮೆಂಟ್ ಇನ್ನೂ ಇದೆ ಕಣ್ರೀ. ನೂರ್ ಸಲ ಹೇಳಿದೀನಿ."

"ಇವರು ಗಯಾಜ್ ಭಾಯ್. ಶಿವಾಜಿನಗರ," ಎಂದ ಜಿಯಾವುಲ್ಲಾ. ಅಷ್ಟೇ ಎಂದ.

ಮಷೀನು ನಿಂತಿತು. ಅವಳ ಮುಖದಲ್ಲಿ ಕಂಡ ಹೆದರಿಕೆಯನ್ನು ಅಳಿಸಬೇಕೆಂದು ಗಯಾಜ್‌ಗೆ ಅನಿಸಿತು. ಒಂದು ಹೆಜ್ಜೆ ಮುಂದೆ ಬಂದು, ಆದಷ್ಟು ಮೆತ್ತಗೆ ಹೇಳಿದ: "ನಾನೂ ಹೊಲಿಯೋನೇ ಅಮ್ಮಾ. ಗಾಡಿ ಸೀಟು, ಕುಶನ್ನು. ಅಷ್ಟೇ ನನ್ ಕೆಲ್ಸ."

ಯಶೋದಮ್ಮ ಅವನ ಕೈಗಳನ್ನೇ ನೋಡಿದಳು. ಮೇಜಿನ ಮೇಲಿದ್ದ ಕತ್ತರಿಯನ್ನು ನಿಧಾನವಾಗಿ ತನ್ನತ್ತ ಎಳೆದುಕೊಂಡು ಡ್ರಾಯರಿನೊಳಗಿಟ್ಟಳು. ಆಮೇಲೆ ಎದ್ದು, ಗೋಡೆಗೆ ನೇತುಹಾಕಿದ್ದ ರವಿಕೆಗಳನ್ನು ಒಂದೊಂದಾಗಿ ಇಳಿಸಿ ಚೀಲಕ್ಕೆ ತುಂಬತೊಡಗಿದಳು.