ಎತ್ತದ ಕೈ

ಫ್ಯಾನು ಟಕ್ ಟಕ್ ಎನ್ನುತ್ತಿದೆ, ಗಾಳಿಗಿಂತ ಸದ್ದೇ ಹೆಚ್ಚು, ತಗಡಿನ ಮಾಡಿನ ಕೆಳಗೆ ಚಾಪೆಯ ಮೇಲೆ ಕುಳಿತವರೆಲ್ಲ ಕಣ್ಣು ಮುಚ್ಚಿ ಕೈ ಎತ್ತಿದ್ದಾರೆ, ನಾನು ಮಾತ್ರ ಕಣ್ಣು ಬಿಟ್ಟಿದ್ದೇನೆ, ಕೈ ಮಡಿಲಲ್ಲಿದೆ — ಉಗುರಿನ ಸಂದಿಯಲ್ಲಿ ಹೊಳೆಯ ಕೆಸರು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಹೊಳೆಯ ತಳದ ಬಳಚು ಚಿಪ್ಪು ಹೆಕ್ಕುವವಳ ಉಗುರು ಎಂದರೆ ಹೀಗೇ. ಈ ಗಳಿಗೆಯಲ್ಲಿ ತುತ್ತೂರಿ ಊದಿದರೆ ಕರ್ತನ ಜೊತೆ ಮೋಡಕ್ಕೆ ಏರಲು ಯಾರ್ಯಾರು ಸಿದ್ಧ, ಕೈ ಎತ್ತಿ, ಎಂದು ಮೈಕಿನಲ್ಲಿ ರವೀಂದ್ರ ಪಾಸ್ಟರು, ಎತ್ತಿದವರಿಗೆ ಬರುವ ಭಾನುವಾರ ಧಾರೇಶ್ವರದ ಕಡಲಿನಲ್ಲಿ ದೀಕ್ಷಾಸ್ನಾನ, ಎತ್ತದವರು ಬಿಡಲ್ಪಟ್ಟವರು. ಬಿಡಲ್ಪಟ್ಟವರು — ಸಂತೆಯಲ್ಲಿ ಉಳಿದುಹೋದ ಕೊಳೆತ ಮೀನಿನ ಹಾಗೆ ಹೇಳುತ್ತಾರಲ್ಲ. ಹೆದ್ದಾರಿಯಲ್ಲಿ ಬಸ್ಸು ಓಡುತ್ತಿರುವಾಗಲೇ ನಂಬಿದ ಡ್ರೈವರು ಮೋಡಕ್ಕೇರಿ ಮಾಯವಾಗುತ್ತಾನಂತೆ, ಸೀಟಿನ ಮೇಲೆ ಬರೀ ಅಂಗಿ ಚಡ್ಡಿ, ನಮ್ಮ ಹೊನ್ನಾವರ ಬಸ್ಸಿನ ಗಣಪನಿಗೆ ಆ ಭಯವಿಲ್ಲ, ಅವನು ಕವಳ ಉಗಿಯುತ್ತ ಎಲ್ಲರಿಗೂ ಬಯ್ಯುತ್ತ ಇಲ್ಲೇ ಉಳಿಯುವ ಗಿರಾಕಿ, ಅವನ ಬಸ್ಸು ಹೊನ್ನಾವರ ಮುಟ್ಟಿಯೇ ಮುಟ್ಟುತ್ತದೆ. ನಗು ಬರುತ್ತದೆ, ತಡೆದುಕೊಳ್ಳುತ್ತೇನೆ, ಪಕ್ಕದಲ್ಲಿ ಮಗಳು ಪವಿತ್ರಾ ಒಂದು ಕೈ ಎತ್ತಿಕೊಂಡೇ ಇನ್ನೊಂದರಿಂದ ನನ್ನ ತೊಡೆ ಚಿವುಟುತ್ತಾಳೆ, ಆಯಿ, ಕೈ ಎತ್ತೇ.

ನಂಬಿಕೆ ಇಲ್ಲದವಳಲ್ಲ ನಾನು, ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಇವಳಿಗೆ ಜ್ವರ ತಲೆಗೇರಿ ಆಸ್ಪತ್ರೆಯಲ್ಲಿ ಮಾತು ನಿಂತಾಗ ಗುರುತು ಪರಿಚಯವಿಲ್ಲದ ಈ ಪ್ರಾರ್ಥನೆಯ ಹೆಂಗಸರು ಗಂಜಿ ತಂದು, ಮಂಚದ ಕೆಳಗೆ ನೆಲದಲ್ಲೇ ಕುಳಿತು, ಬೆಳಗಾಗುವವರೆಗೆ ಯೇಸುವನ್ನು ಕರೆದರು, ಬೆಳಿಗ್ಗೆ ಇವಳು ಕಣ್ಣು ಬಿಟ್ಟು ನೀರು ಕೇಳಿದಳು, ಆ ನೀರು ಕುಡಿಸಿದ ಕೈ ಇದು, ಮರೆಯುತ್ತದೆಯೇ. ಯೇಸು ಮತ್ತೆ ಬರುತ್ತಾನೆ, ಬಂದೇ ಬರುತ್ತಾನೆ, ನನಗೆ ಅನುಮಾನವಿಲ್ಲ. ಪವಿತ್ರಾಳದು ನನ್ನದಕ್ಕಿಂತ ಒಂದು ಕೈ ಮೇಲು, ಕಡೆಗಾಲದಲ್ಲಿ ಕೊಳ್ಳುವವರು ಮಾರುವವರೆಲ್ಲ ಹಾಕಿಸಿಕೊಳ್ಳಬೇಕಾದ ಸೈತಾನನ ಮೃಗದ ಗುರುತು ಹೇಗಿರುತ್ತದೆಂದು ಇಲ್ಲಿ ಪರದೆಯ ಮೇಲೆ ತೋರಿಸಿದ ಮಾರನೆಯ ದಿನ ಕುಮಟೆಯ ಮೀನುಪೇಟೆಗೆ ಬಂದು ನನ್ನ ಬುಟ್ಟಿಗೆ ಅಂಟಿಸಿದ್ದ ಫೋನ್‌ಪೇ ಚೀಟಿಯನ್ನು ಪರಪರ ಕಿತ್ತಳು, ಗಿರಾಕಿಗಳೆಲ್ಲ ಫೋನು ಹಿಡಿದುಕೊಂಡು ಪಕ್ಕದ ಬುಟ್ಟಿಗೆ ಹೋದರು, ನನ್ನ ಬಳಚು ಬಿಸಿಲಿಗೆ ಬಾಯಿ ಬಿಟ್ಟು ಕೂತಿತು. ಮಾದೇವಕ್ಕನಿಗೆ ನಕ್ಕು ನಕ್ಕು ಕೆಮ್ಮು ಬಂತು, ಮೃಗಕ್ಕೆ ಚಿಲ್ಲರೆ ಸಮಸ್ಯೆ ಇಲ್ಲ ಕಮಲಿ, ನಿಂಗೇ ಇರೂದು. ಮಾದೇವಕ್ಕ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ, ಇಲ್ಲಿಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಹೊಳೆಗಿಳಿಯುವ ಮೊದಲು ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು, ಜಟಕನ ಕಲ್ಲಿಗೆ ಹೂವಿಡುವವಳು, ನಿನ್ನ ಯೇಸು ಬರೂದಾದ್ರೆ ಬರ್ಲಿ, ಒಳ್ಳೇದೇ ಆತು, ನೀರೇರೂ ಹೊತ್ತು ನೋಡ್ಕಂಡು ಬರೂಕೆ ಹೇಳು ಎಂದಳು. ಬಾಯಿಗೆ ಬಂದದ್ದು ಹೇಳುತ್ತಾಳೆ, ಮನಸ್ಸಿನಲ್ಲಿ ಏನೂ ಇಲ್ಲ.

ಬೀಸುವ ಕಲ್ಲಿನ ಮುಂದೆ ಇಬ್ಬರು ಹೆಂಗಸರಿರುತ್ತಾರೆ, ಒಬ್ಬಳನ್ನು ಒಯ್ಯಲಾಗುತ್ತದೆ, ಇನ್ನೊಬ್ಬಳನ್ನು ಬಿಡಲಾಗುತ್ತದೆ — ಪಾಸ್ಟರು ಇವತ್ತು ಬೈಬಲಿನಿಂದ ಎತ್ತಿಕೊಂಡದ್ದು ಅದನ್ನೇ, ಆಗಿನಿಂದ ನನಗೆ ಎದೆಯಲ್ಲಿ ಮುಳ್ಳು ಆಡಿಸಿದ ಹಾಗೆ, ಆ ಇಬ್ಬರು ಯಾರೆಂದು ನನಗೆ ಗೊತ್ತಲ್ಲ, ಒಬ್ಬಳು ನಾನು, ಇನ್ನೊಬ್ಬಳು ಮಾದೇವಕ್ಕ, ಬೀಸುವ ಕಲ್ಲಲ್ಲ, ಹೊಳೆ. ನಮ್ಮಲ್ಲಿ ಹೊಳೆಗೆ ಒಬ್ಬಳೇ ಇಳಿಯುವ ಕ್ರಮವಿಲ್ಲ, ಕಡಲಿನ ಇಳಿತಕ್ಕೆ ಹೊಳೆ ತಗ್ಗಿದಾಗ ಜೋಡಿಯಾಗಿ ಇಳಿಯಬೇಕು, ಬೋಗುಣಿಯನ್ನು ಸೊಂಟಕ್ಕೆ ಕಟ್ಟಿ ತೇಲಿಬಿಟ್ಟು ಕಾಲಬೆರಳಿನಿಂದ ಬಳಚು ತಡಕುತ್ತ ದೂರ ದೂರ ಹೋಗುತ್ತೇವೆ, ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣುವುದೂ ಇಲ್ಲ, ನೀರೇರಲು ಶುರುವಾದಾಗ ಒಬ್ಬಳು ಹೆಸರು ಹಿಡಿದು ಕೂಗಬೇಕು, ಇನ್ನೊಬ್ಬಳು ಓ ಎನ್ನಬೇಕು, ಓ ಕೇಳದೆ ದಡ ಹತ್ತುವ ಹಾಗಿಲ್ಲ. ಅತ್ತೆ ನಾಗಮ್ಮ ಸೊಸೆಯರಿಬ್ಬರಿಗೂ ಮೊದಲ ದಿನ ಕಲಿಸಿದ್ದು ಇದೊಂದೇ, ಬಳಚು ಹೆಕ್ಕುವುದು ಕಾಲೇ ಕಲಿಸ್ತದೆ, ಕೂಗಿದ್ದಕ್ಕೆ ಓ ಬರೂ ತನಕ ನೀರು ಬಿಡಬೇಡಿ. ಕಳೆದ ವರ್ಷ ಮರಳು ತೆಗೆದ ಗುಂಡಿಗೆ ನನ್ನ ಕಾಲು ಹೋಯಿತಲ್ಲ, ಮೇಲೆ ನೀರು, ಕೆಳಗೆ ನೀರು, ಬಾಯಲ್ಲಿ ಉಪ್ಪು, ಯೇಸುವೇ ಎನ್ನಲೂ ಬಾಯಿ ತೆರೆಯುವಂತಿಲ್ಲ, ಅವಳು ಕಮಲೀ ಎಂದಳಂತೆ, ಓ ಇಲ್ಲ, ಮತ್ತೆ ಕಮಲೀ, ಓ ಇಲ್ಲ, ಉಳಿದವರೆಲ್ಲ ದಡದಿಂದ ಹತ್ತೇ ಹತ್ತೇ ಎಂದರೂ ಅವಳು ಹತ್ತಲಿಲ್ಲ, ತಡಕಿ ತಡಕಿ ನನ್ನ ಜುಟ್ಟು ಹಿಡಿದು ಎಳೆದಳು, ದಡದಲ್ಲಿ ಕೆನ್ನೆಗೆ ಒಂದು ಬಿಟ್ಟಳು, ಓ ಅನ್ನೂಕೆ ಎಂತ ಧಾಡಿ ನಿಂಗೆ. ಆ ಏಟು ಈಗಲೂ ಇದೆ ಕೆನ್ನೆಯ ಮೇಲೆ.

ಸಿಸ್ಟರ್ ಕಮಲಿ, ಒಂದು ಕೈ ಉಳಿದಿದೆ, ಎಂದು ಪಾಸ್ಟರು ಹತ್ತಿರ ಬಂದಿದ್ದಾರೆ, ಒಳ್ಳೆಯ ಮನುಷ್ಯ, ದನಿಯಲ್ಲಿ ಸಿಟ್ಟಿಲ್ಲ, ಕನಿಕರವಿದೆ, ಅದೇ ನನಗೆ ಸಿಟ್ಟು ತರಿಸುತ್ತದೆ. ಪವಿತ್ರಾ ಅಳುತ್ತಿದ್ದಾಳೆ, ನೀ ಬರದೇ ಹೋದ್ರೆ ನಾ ಅಲ್ಲಿ ಒಬ್ಳೇ ಎಂತ ಮಾಡೂದು ಆಯಿ. ಈ ಕೈ ನಿನ್ನ ಕಡೆಗೇ ಏಳಬೇಕೆನ್ನುತ್ತದೆ ಮಗಳೇ, ಆದರೆ ಅಲ್ಲಿ ನಿನ್ನ ಜೊತೆಗೆ ಯೇಸು ಇರುತ್ತಾನೆ, ಮಂಚದ ಕೆಳಗೆ ಕುಳಿತ ಆ ಹೆಂಗಸರಿರುತ್ತಾರೆ, ಅಲ್ಲಿ ನೀರೇರುವುದಿಲ್ಲ. ಪಾಸ್ಟರೇ, ನಾವಿಬ್ಬರೂ ಹೊಳೆಯಲ್ಲಿ ಇದ್ದಾಗಲೇ ತುತ್ತೂರಿ ಊದಿದ್ರೆ ನಮ್ಮ ಮಾದೇವಕ್ಕಗೆ ಓ ಅನ್ನೂದು ಯಾರು — ಕೇಳಿಯೇಬಿಟ್ಟೆ, ನನ್ನ ದನಿಯೇ, ತಗಡಿನ ಮಾಡಿಗೆ ತಾಗಿ ಬಂತು, ಕಣ್ಣು ಮುಚ್ಚಿದವರು ಬಿಟ್ಟರು. ಅವರು ನಂಬಲಿಲ್ಲ ಸಿಸ್ಟರ್, ಅವರವರ ಪಾಡು ಅವರವರಿಗೆ, ಎಂದರು ಪಾಸ್ಟರು. ಅವರವರ ಪಾಡು. ಆತು ಹಾಗಾದರೆ, ನನ್ನ ಮಾತು ನಿಮ್ಮ ಹತ್ತಿರವಲ್ಲ, ಅವನ ಹತ್ತಿರವೇ, ಕೇಳು ಕರ್ತನೇ, ನೀರಿನ ಮೇಲೆ ನಡೆದವನು ನೀನು, ಮುಳುಗುತ್ತಿದ್ದ ಶಿಷ್ಯನ ಕೈ ಹಿಡಿದವನು, ನಂಬಿಕೆ ಕಡಿಮೆಯೆಂದು ಬೈದೆಯಂತೆ, ಆದರೆ ಹಿಡಿದ ಮೇಲೆ ಬೈದೆ, ಮೊದಲು ಹಿಡಿದೆ, ನಮ್ಮ ಮಾದೇವಕ್ಕನ ಹಾಗೆಯೇ. ನೀನು ಬಾ, ಆದರೆ ಅವಳು ದಡದಲ್ಲಿಲ್ಲದ ಹೊತ್ತಿಗೆ ಬಂದರೆ ನಾನು ಬರುವುದಿಲ್ಲ, ಎಳೆದರೂ ಬರುವುದಿಲ್ಲ, ನರಕಕ್ಕೆ ಹಾಕುತ್ತೀಯಾ ಹಾಕು, ಅಲ್ಲಿಂದಲೂ ಓ ಎನ್ನುತ್ತೇನೆ. ಕೈ ಎತ್ತುವುದಿಲ್ಲ. ಎತ್ತಿದೆ ಎಂದೇ ಇಟ್ಟುಕೊಳ್ಳಿ, ನಾನು ಮೋಡದಲ್ಲಿದ್ದೇನೆ, ಕೆಳಗೆ ನನ್ನ ಸೀರೆ ನೀರಿನಲ್ಲಿ ಬಿಚ್ಚಿಕೊಂಡು ಹೋಗುತ್ತಿದೆ, ನನ್ನ ಬೋಗುಣಿ ತಾನೇ ತೇಲುತ್ತಿದೆ, ಮಂಜು, ಅವಳು ಕಮಲೀ ಎನ್ನುತ್ತಾಳೆ, ಸೊಂಟದವರೆಗೆ ನೀರು, ಹತ್ತೇ ಮಾದೇವಕ್ಕ, ನಾನಿಲ್ಲ ಅಲ್ಲಿ, ಹತ್ತು — ಹತ್ತುವುದಿಲ್ಲ, ಎದೆಯವರೆಗೆ ನೀರು, ಕಮಲೀ, ಎರಡು ಕೈಯಲ್ಲೂ ಕೆಸರು ತಡಕುತ್ತಾಳೆ, ನನ್ನ ಜುಟ್ಟು ಸಿಗುವುದಿಲ್ಲ, ಪಾಸ್ಟರು ಏನೋ ಹೇಳುತ್ತಿದ್ದಾರೆ, ಕೇಳಿಸುವುದಿಲ್ಲ, ನೀರು ಅವಳ ಗದ್ದ ಮುಟ್ಟಿದೆ, ಅವಳು ಮುಖವನ್ನು ಮೇಲೆತ್ತಿದ್ದಾಳೆ, ಆಕಾಶಕ್ಕಲ್ಲ, ಕೂಗುವುದಕ್ಕೆ, ಕಮಲೀ.